ಫ್ಯಾನಿಗೆ ಹಳೇ ರೆಗ್ಯುಲೇಟರೇ ಸಾಕು

ಮಿನಿ ಪ್ರಾಜೆಕ್ಟಿಗೆ ನಾವು ಐದು ಜನ ಸೇರಿ ಆಟೋಮ್ಯಾಟಿಕ್ ಫ್ಯಾನ್ ಕಂಟ್ರೋಲರ್ ಮಾಡಿದ್ವಿ. ಆರ್ಡುಯಿನೊ, ಡಿಎಚ್‌ಟಿ11 ಸೆನ್ಸರ್, ಒಂದು ಟ್ರಯಾಕ್. ತಾಪಮಾನ ಏರಿದರೆ ಫ್ಯಾನ್ ಜೋರು, ಇಳಿದರೆ ನಿಧಾನ, ರಾತ್ರಿಗೆ ಬೇರೆ ಟೈಮ್‌ಟೇಬಲ್. ವೈವಾದಲ್ಲಿ ಮಾರ್ಕ್ಸೂ ಬಂತು.

ಬೇಸಿಗೆ ರಜೆಗೆ ಊರಿಗೆ ಹೋಗುವಾಗ ಅದನ್ನೇ ಒಯ್ದೆವು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ: ನಮ್ಮದು ಒಬ್ಬೊಬ್ಬರದು ಒಂದೊಂದು ತಾಲ್ಲೂಕು. ನಮ್ಮ ಕಡೆ ಬಿಸಿಲಿಗಿಂತ ಒಳ್ಳೆ ಟೆಸ್ಟಿಂಗ್ ಎಲ್ಲಿ ಸಿಗುತ್ತೆ ಹೇಳಿ? ಆದರೆ ಐದೂ ಮನೆಯವರು ಬಾಕ್ಸ್ ಬಿಚ್ಚಿಸಿ ಹಳೇ ರೆಗ್ಯುಲೇಟರನ್ನೇ ವಾಪಸ್ ಹಾಕಿಸಿದರು.

ಹಗರಿಬೊಮ್ಮನಹಳ್ಳಿಯಲ್ಲಿ ಅವ್ವ ಜೋಳದ ರೊಟ್ಟಿಗೆ ಒಲೆ ಹಚ್ಚಿದ ಕೂಡಲೇ ಆ ಕಾವಿಗೆ ಫ್ಯಾನ್ ಫುಲ್ ಸ್ಪೀಡ್. ಉರಿ ಅತ್ತಿತ್ತ, ಹಿಟ್ಟು ಮನೆ ತುಂಬ. ಹಡಗಲಿಯಲ್ಲಿ ಮಲ್ಲಿಗೆ ಕಟ್ಟುವಾಗ ಫ್ಯಾನ್ ಬಂದ್ ಇರಬೇಕು, ಇಲ್ಲದಿದ್ದರೆ ಮೊಗ್ಗು ಬಾಡುತ್ತೆ. ಅದು ನಮ್ಮ ಕೋಡ್‌ನಲ್ಲಿ ಇರಲಿಲ್ಲ. ಕೂಡ್ಲಿಗಿಯಲ್ಲಿ ಅಜ್ಜಿಗೆ ಜ್ವರ. 36 ಡಿಗ್ರಿಯಲ್ಲೂ ಕಂಬಳಿ ಹೊದ್ದಿದ್ದಳು, ಮೇಲೆ ಫ್ಯಾನ್ ಗಿರಗಿರ. ಕೊಟ್ಟೂರಿನಲ್ಲಿ ಕರೆಂಟ್ ಹೋಗಿ ಬಂದಾಗಲೆಲ್ಲ ಬಾಕ್ಸಿಗೆ ಟೈಮ್ ಮರೆತು ಮಟಮಟ ಮಧ್ಯಾಹ್ನವೇ ಮಧ್ಯರಾತ್ರಿ ಆಗೋದು. ಹರಪನಹಳ್ಳಿಯ ಆರ್‌ಸಿಸಿ ಮನೆಯಲ್ಲಿ ರಾತ್ರಿ ಹತ್ತಾದರೂ ತಾರಸಿ ಕಾವು ಮೈಮೇಲೆ ಸುರಿಯುತ್ತೆ. ಗಾಳಿ ತಂಪಾಯ್ತು ಅಂತ ನಮ್ಮ ಸೆನ್ಸರ್ ಫ್ಯಾನ್ ಇಳಿಸೋದು.

ಅಲ್ಲಿನ ಅವ್ವ ಒಂದೇ ಮಾತು ಕೇಳಿದಳು: "ಧಗೆ ಆಗೋದು ನಮಗೋ, ನಿಮ್ ಡಬ್ಬಿಗೋ?"

ನಿಜ ಹೇಳಬೇಕಂದ್ರೆ ವೈವಾದಲ್ಲಿ ಇದನ್ನೇ ಕೇಳಬೇಕಿತ್ತು. ಫ್ಯಾನ್ ಕೋಣೆಯನ್ನ ತಣ್ಣಗೆ ಮಾಡಲ್ಲ, ಬೆವರು ಆರಿಸುತ್ತೆ ಅಷ್ಟೇ. ಫ್ಯಾನ್ ಎಷ್ಟೇ ತಿರುಗಲಿ, ಸೆನ್ಸರ್ ಓದೋ ತಾಪಮಾನ ಇಳಿಯಲ್ಲ. ಅಂದ್ರೆ ನಾವು ಫೀಡ್‌ಬ್ಯಾಕ್ ಅಂದುಕೊಂಡಿದ್ದು ಫೀಡ್‌ಬ್ಯಾಕೇ ಅಲ್ಲ. ಮನುಷ್ಯನಿಗೆ ಹಿತ ಅನ್ನಿಸೋದು ಆರು ಅಂಶಗಳ ಮೇಲೆ ನಿಂತಿದೆ: ಗಾಳಿಯ ತಾಪ, ಗೋಡೆ-ಚಾವಣಿಯ ಕಾವು, ತೇವಾಂಶ, ಗಾಳಿಯ ವೇಗ, ಮೈಮೇಲಿನ ಬಟ್ಟೆ, ಮಾಡ್ತಿರೋ ಕೆಲಸ. ಡಿಎಚ್‌ಟಿ11 ಅಳೆಯೋದು ಇದರಲ್ಲಿ ಎರಡನ್ನ, ಅದೂ ತಾಪಮಾನದಲ್ಲಿ 2 ಡಿಗ್ರಿ ಹೆಚ್ಚುಕಡಿಮೆ. ರೆಗ್ಯುಲೇಟರ್ ತಿರುಗಿಸೋ ಕೈಗೆ ಆರೂ ಗೊತ್ತು.

ಇದು ನಮ್ಮೂರ ಕಥೆ ಮಾತ್ರ ಅಲ್ಲ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಪ್ರೋಗ್ರಾಮೆಬಲ್ ಥರ್ಮೋಸ್ಟಾಟ್‌ಗಳಿಗೆ ಕೊಡ್ತಿದ್ದ ಎನರ್ಜಿ ಸ್ಟಾರ್ ಗುರುತನ್ನ 2009ರ ಕೊನೆಗೆ ನಿಲ್ಲಿಸಿತು. ಹೇಳಿದಷ್ಟು ಉಳಿತಾಯ ಮನೆಗಳಲ್ಲಿ ಕಾಣಲಿಲ್ಲ.

ಹಾಗಂತ ಆಟೋಮೇಷನ್ನೇ ಬೇಡ ಅಂತಲ್ಲ. ಫ್ರಿಜ್ಜು, ಇಸ್ತ್ರಿಪೆಟ್ಟಿಗೆಗೆ ಥರ್ಮೋಸ್ಟಾಟ್ ಬೇಕೇ ಬೇಕು. ಅಲ್ಲಿ ಎಷ್ಟು ಡಿಗ್ರಿ ಬೇಕು ಅನ್ನೋದು ಗೊತ್ತಿರುತ್ತೆ. "ಕರೆಂಟ್ ಉಳಿಯಲ್ವಾ?" ಅಂತೀರಾ? ಹಳೇ ಫ್ಯಾನ್ ಸುಮಾರು 75 ವ್ಯಾಟ್ ತಿಂದರೆ ಬಿಎಲ್‌ಡಿಸಿ ಫ್ಯಾನ್ ಸುಮಾರು 30 ವ್ಯಾಟ್ ತಿನ್ನುತ್ತೆ. ಆ ಉಳಿತಾಯ ಮೋಟಾರಿನದು, ಟೈಮರಿನದಲ್ಲ.

ಈ ಸಲವೂ ಒಂದಿಷ್ಟು ಟೀಮ್‌ಗಳು ಇದೇ ಪ್ರಾಜೆಕ್ಟ್ ತಗೊಳ್ತೀರಿ, ಗೊತ್ತು. ತಗೊಳ್ಳಿ. ಆದರೆ ಕೋಡ್ ಬರೆಯೋ ಮುಂಚೆ ಆ ಫ್ಯಾನ್ ಕೆಳಗೆ ಒಂದು ದಿನ ಕೂತು, ಯಾರು ಯಾವಾಗ ಎದ್ದು ರೆಗ್ಯುಲೇಟರ್ ತಿರುಗಿಸ್ತಾರೆ ನೋಡಿ ಬರೆದುಕೊಳ್ಳಿ. ಬಾಕ್ಸಿನ ಮೇಲೆ ಕೈಯಲ್ಲಿ ತಿರುಗಿಸೋ ಒಂದು ನಾಬ್ ಇರಲಿ, ಅದರ ಮಾತೇ ಕೊನೆಯದಾಗಿರಲಿ. ನಮ್ಮ ಬಾಕ್ಸ್ ಹಾಸ್ಟೆಲ್‌ನಲ್ಲೇ ಬಿದ್ದಿದೆ, ಬಿಡಿಭಾಗ ಬೇಕಾದವರು ಬಂದು ಒಯ್ಯಿರಿ.