ಮಸಿಯ ಗೂಡಿನಲ್ಲಿ ಪ್ಲಾಟಿನಂ

ದ್ವಿತೀಯ ಪಿಯುಸಿ ರಸಾಯನಶಾಸ್ತ್ರದಲ್ಲಿ ಇಂಧನ ಕೋಶದ ಪಾಠವಿದೆ. ಜಲಜನಕ, ಆಮ್ಲಜನಕ ಸೇರಿ ನೀರಾಗುತ್ತವೆ, ಜೊತೆಗೆ ವಿದ್ಯುತ್ತು ದೊರೆಯುತ್ತದೆ. ವಿದ್ಯುದ್ವಾರಗಳು ರಂಧ್ರಮಯ ಇಂಗಾಲದವು, ಅವುಗಳಲ್ಲಿ ನುಣ್ಣನೆಯ ಪ್ಲಾಟಿನಂ ಪುಡಿ ಇರುತ್ತದೆ ಎಂಬ ಮಾತೂ ಬರುತ್ತದೆ. ಸಮೀಕರಣ ಬಾಯಿಪಾಠ ಮಾಡುವ ಅವಸರದಲ್ಲಿ ವಿದ್ಯಾರ್ಥಿಗಳು ಈ ಮಾತನ್ನು ದಾಟಿಬಿಡುತ್ತಾರೆ. ಕೋಶ ದುಬಾರಿಯೋ ಅಗ್ಗವೋ ಎಂಬುದು ಬಹುಪಾಲು ನಿಂತಿರುವುದು ಅದರ ಮೇಲೆಯೇ.

ಪ್ಲಾಟಿನಂ ಇಲ್ಲಿ ಕ್ರಿಯಾವರ್ಧಕ. ಕೆಲಸ ನಡೆಯುವುದು ಅದರ ಮೇಲ್ಮೈಯಲ್ಲಿ ಮಾತ್ರ. ಒಳಗಿನ ಪರಮಾಣುಗಳು ದಂಡ. ಸಾರಿಗೆ ಮೆಣಸಿನ ಕಾಳನ್ನು ಇಡಿಯಾಗಿ ಹಾಕುವುದಕ್ಕೂ ಕುಟ್ಟಿ ಹಾಕುವುದಕ್ಕೂ ಇರುವ ವ್ಯತ್ಯಾಸ ಅಡುಗೆ ಮಾಡುವವರಿಗೆ ಗೊತ್ತು. ಲೆಕ್ಕ ಹಾಕಿ ನೋಡಿ. ಒಂದು ಸೆಂ.ಮೀ. ಬದಿಯ ಪ್ಲಾಟಿನಂ ಘನದ ತೂಕ ಸುಮಾರು 21 ಗ್ರಾಂ, ಮೇಲ್ಮೈ 6 ಚದರ ಸೆಂ.ಮೀ. ಒಂದು ಮೀಟರಿನ ನೂರು ಕೋಟಿಯಲ್ಲೊಂದು ಭಾಗಕ್ಕೆ ನ್ಯಾನೋಮೀಟರ್ ಎಂದು ಹೆಸರು. ಆ ಘನವನ್ನು 3 ನ್ಯಾನೋಮೀಟರ್ ಬದಿಯ ಚೂರುಗಳಾಗಿ ಕತ್ತರಿಸಿದರೆ ಒಟ್ಟು ಮೇಲ್ಮೈ 2,000 ಚದರ ಮೀಟರ್. ರೈತರ ಲೆಕ್ಕದಲ್ಲಿ ಹತ್ತಿರ ಹತ್ತಿರ 20 ಗುಂಟೆ!

ಆದರೆ ಇಂಥ ಕಣಗಳು ಸುಮ್ಮನಿರುವುದಿಲ್ಲ, ಒಂದಕ್ಕೊಂದು ಅಂಟಿ ಗಂಟಾಗುತ್ತವೆ. ಆದ್ದರಿಂದ ಅವನ್ನು ಇಂಗಾಲದ ಮಸಿಯ ಮೇಲೆ ದೂರ ದೂರ ಕೂರಿಸುತ್ತಾರೆ. ಮಸಿಯೇ ಏಕೆ? ರಂಧ್ರಗಳು ಸುಟ್ಟ ಮಣ್ಣಿನಲ್ಲೂ ಇವೆಯಲ್ಲ! ಜಲಜನಕ ಬಿಟ್ಟುಕೊಟ್ಟ ಎಲೆಕ್ಟ್ರಾನು ತಂತಿಯನ್ನು ತಲುಪಬೇಕು. ಮಣ್ಣು ಅದಕ್ಕೆ ದಾರಿ ಕೊಡದು, ಈ ಮಸಿ ಕೊಡುತ್ತದೆ. ರಂಧ್ರಗಳು ಬೇಕಾಗಿರುವುದು ಅನಿಲ ಒಳಬರಲು, ನೀರು ಹೊರಹೋಗಲು.

ಪ್ರೋಟಾನಿಗೂ ಒಂದು ದಾರಿ ಬೇಕು. 1842ರಲ್ಲಿ ಬ್ರಿಟನ್ನಿನ ವಿಲಿಯಂ ಗ್ರೋವ್ ತಮ್ಮ ಅನಿಲ ಬ್ಯಾಟರಿಯ ಬಗ್ಗೆ ಬರೆದಾಗಲೇ, ಅನಿಲ, ದ್ರವ, ಲೋಹ ಮೂರೂ ಕೂಡುವ ಜಾಗ ಸಾಲದೆಂಬ ತೊಡಕು ಅವರಿಗೆ ಕಂಡಿತ್ತು. ಅದು ಬಗೆಹರಿಯಲು ಬಹುಕಾಲ ಹಿಡಿಯಿತು. 1965ರಲ್ಲಿ ಜೆಮಿನಿ 5 ಗಗನನೌಕೆಗೆ ಇಂಧನ ಕೋಶವೇ ವಿದ್ಯುತ್ತು ಒದಗಿಸಿತಾದರೂ ಅಂಥ ಕೋಶಗಳು ಪ್ಲಾಟಿನಂ ನುಂಗುವ ಬಕಾಸುರರೇ ಆಗಿದ್ದವು. 1980ರ ದಶಕದಲ್ಲಿ ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದವರು, ಪ್ರೋಟಾನ್ ಸಾಗಿಸುವ ಪಾಲಿಮರಿನ ದ್ರಾವಣವನ್ನು ಪ್ಲಾಟಿನಂ ಹೊತ್ತ ಮಸಿಯೊಳಕ್ಕೆ ಇಳಿಸಿದರು. ಚದರ ಸೆಂ.ಮೀ.ಗೆ 4 ಮಿ.ಗ್ರಾಂ ಬೇಕಿದ್ದ ಪ್ಲಾಟಿನಂ 0.4 ಮಿ.ಗ್ರಾಂಗೆ ಇಳಿಯಿತು. 2014ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಮಿರಾಯ್ ಕಾರು ಓಡುವುದೂ ಈ ಬಗೆಯ ಕೋಶದಿಂದಲೇ.

ತೊಡಕು ಪೂರ್ತಿ ಮುಗಿದಿಲ್ಲ. ಕೋಶವನ್ನು ಚಾಲೂ ಮಾಡುವಾಗ, ನಿಲ್ಲಿಸುವಾಗ ಇಂಗಾಲ ಸವೆಯುತ್ತದೆ. ಕಣಗಳು ಕಳಚಿ, ಕೂಡಿಕೊಂಡು ದಪ್ಪವಾಗುತ್ತವೆ. ಕಣವನ್ನು ಆಳದ ರಂಧ್ರದಲ್ಲಿ ಕೂರಿಸಿದರೆ ಅದು ಸುಲಭವಾಗಿ ಕಳಚದು, ಆದರೆ ಆಮ್ಲಜನಕ ಅಲ್ಲಿಗೆ ತಲುಪುವುದು ಕಷ್ಟ. ರಂಧ್ರದ ಬಾಯಿ ಎಷ್ಟು ಅಗಲವಿರಬೇಕು, ಎಷ್ಟು ಆಳವಿರಬೇಕು ಎಂದು ಪ್ರಯೋಗಗಳು ನಡೆಯುತ್ತಲೇ ಇವೆ.