ಅಕಾಲ ಹೆರಿಗೆ: ಸೋತ ಹಾರ್ಮೋನು ಯಾವುದು?

2023ರ ಏಪ್ರಿಲ್‌ನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ‘ಮಕೀನಾ’ ಚುಚ್ಚುಮದ್ದಿನ ಅನುಮತಿಯನ್ನು ರದ್ದುಪಡಿಸಿತು. ಹಿಂದೊಮ್ಮೆ ದಿನ ತುಂಬುವ ಮುನ್ನ ಹೆತ್ತ ತಾಯಂದಿರಿಗೆ ಅದು ಮರುಕಳಿಸದಿರಲೆಂದು ವಾರಕ್ಕೊಮ್ಮೆ ನೀಡಲಾಗುತ್ತಿದ್ದ ಮದ್ದು ಅದು. ಗರ್ಭ ರಕ್ಷಿಸುವ ಪ್ರೊಜೆಸ್ಟರಾನ್ ಹಾರ್ಮೋನೇ ಸೋತಿತೆಂದು ಇದನ್ನು ಅರ್ಥೈಸುವುದು ಸುಲಭ. ಆದರೆ ಅದು ಸರಿಯಲ್ಲ. ಸೋತದ್ದು ಅದರ ಕೃತಕ ರೂಪವಾದ 17-ಓಎಚ್‌ಪಿಸಿ.

ಇವೆರಡರ ಅಂತರ ಅರಿಯಲು ಗರ್ಭಕೋಶದ ರಕ್ಷಣಾ ಕೋಶಗಳತ್ತ ನೋಡಬೇಕು. ಶಿಶುವಿನ ಅರ್ಧದಷ್ಟು ವಂಶವಾಹಿಗಳು ತಂದೆಯವು. ತಾಯಿಯ ದೇಹಕ್ಕೆ ಅದು ಅರೆಪರಕೀಯ. ನಿಯಂತ್ರಕ ಟಿ-ಕೋಶಗಳು ಸಹನೆಯನ್ನು ಕಾಯ್ದುಕೊಳ್ಳುವವರೆಗೆ ಗರ್ಭ ನಿಲ್ಲುತ್ತದೆ. ಆಕ್ರಮಣಶೀಲ ಟಿ-ಕೋಶಗಳೂ ಮ್ಯಾಕ್ರೋಫೇಜುಗಳೂ ಕೆರಳಿದರೆ ಉರಿಯೂತ ಹುಟ್ಟಿ, ಪ್ರೊಸ್ಟಾಗ್ಲಾಂಡಿನ್ ಸ್ರವಿಸಿ, ನೋವು ಆರಂಭವಾಗುತ್ತದೆ. ಅಮೆರಿಕದ ಡೆಟ್ರಾಯಿಟ್‌ನಲ್ಲಿ ಇಲಿಗಳ ಮೇಲೆ ನಡೆದ ಪ್ರಯೋಗಗಳು ಇಲ್ಲಿ ಮುಖ್ಯ. 2015ರ ವರದಿಯಂತೆ, ಯೋನಿಯ ಮೂಲಕ ನೀಡಿದ ಸಹಜ ಪ್ರೊಜೆಸ್ಟರಾನ್ ನಿಯಂತ್ರಕ ಟಿ-ಕೋಶಗಳನ್ನು ಹೆಚ್ಚಿಸಿ ಉರಿಯೂತವನ್ನು ತಗ್ಗಿಸಿತು. 17-ಓಎಚ್‌ಪಿಸಿಯಿಂದ ಅಂಥ ಫಲ ಕಾಣಲಿಲ್ಲ. ಟಿ-ಕೋಶಗಳನ್ನು ಬೇಕೆಂದೇ ಕೆರಳಿಸಿ ಅಕಾಲ ಹೆರಿಗೆ ಉಂಟುಮಾಡಿದಾಗಲೂ ಸಹಜ ಹಾರ್ಮೋನು ಅದನ್ನು ತಡೆಯಿತೆಂದು 2019ರಲ್ಲಿ ಪ್ರಕಟವಾಯಿತು. ಇಲಿ ಮನುಷ್ಯನಲ್ಲ, ನಿಜ. ಆದರೂ ಎರಡೂ ಮದ್ದುಗಳನ್ನು ಒಂದೇ ತಕ್ಕಡಿಯಲ್ಲಿ ತೂಗಿದ್ದು ತಪ್ಪೆಂಬುದಕ್ಕೆ ಇಷ್ಟು ಸಾಕು.

ಮಕೀನಾದ ಇತಿಹಾಸವೂ ಬೋಧಪ್ರದವೇ. 2003ರಲ್ಲಿ 463 ಮಹಿಳೆಯರ ಅಧ್ಯಯನವೊಂದು ಅಕಾಲ ಹೆರಿಗೆ ಶೇ. 54.9ರಿಂದ 36.3ಕ್ಕೆ ಇಳಿಯಿತೆಂದಿತು. ಅದರ ಬಲದಿಂದ 2011ರಲ್ಲಿ ತ್ವರಿತ ಅನುಮತಿ ದೊರೆಯಿತು; ಹತ್ತಿಪ್ಪತ್ತು ಡಾಲರಿನ ಚುಚ್ಚುಮದ್ದಿಗೆ ಸುಮಾರು 1,500 ಡಾಲರ್ ಬೆಲೆಯನ್ನೂ ಕಟ್ಟಲಾಯಿತು. 2019ರಲ್ಲಿ 1,708 ಮಹಿಳೆಯರ ಅಧ್ಯಯನ ಬಂದಾಗ 35 ವಾರಕ್ಕೆ ಮುಂಚಿನ ಹೆರಿಗೆ ಮದ್ದು ಪಡೆದವರಲ್ಲಿ ಶೇ. 11, ಪಡೆಯದವರಲ್ಲಿ ಶೇ. 11.5. ವ್ಯತ್ಯಾಸವೇ ಇಲ್ಲ! ಆದರೂ ಮದ್ದು ಮಾರುಕಟ್ಟೆ ಬಿಡಲು ಇನ್ನೂ ನಾಲ್ಕು ವರ್ಷ ಬೇಕಾಯಿತು. 2024ರಲ್ಲಿ ಐರೋಪ್ಯ ಒಕ್ಕೂಟದ ನಿಯಂತ್ರಕರೂ ಈ ಬಗೆಯ ಔಷಧಗಳ ಅಮಾನತಿಗೆ ಶಿಫಾರಸು ಮಾಡಿದರು.

ಹಾಗೆಂದು ಸಹಜ ಪ್ರೊಜೆಸ್ಟರಾನ್ ಸರ್ವರೋಗ ಪರಿಹಾರಕವೇನಲ್ಲ. ಗರ್ಭಕಂಠ 25 ಮಿಲಿಮೀಟರ್ ಅಥವಾ ಅದಕ್ಕಿಂತ ಗಿಡ್ಡವಿರುವವರಲ್ಲಿ ಅದು 33 ವಾರದೊಳಗಿನ ಹೆರಿಗೆಯನ್ನು ಶೇ. 22ರಿಂದ 14ಕ್ಕೆ ಇಳಿಸಿತೆಂದು 974 ಮಹಿಳೆಯರ ಮಾಹಿತಿ ಕ್ರೋಡೀಕರಿಸಿದ 2018ರ ವಿಶ್ಲೇಷಣೆ ಹೇಳುತ್ತದೆ. ಆರಂಭವಾಗಿಬಿಟ್ಟ ನೋವನ್ನು ನಿಲ್ಲಿಸುವಲ್ಲಿ ಅದರ ಪ್ರಯೋಜನ ಸಾಬೀತಾಗಿಲ್ಲ. ರಕ್ಷಣಾ ಕೋಶಗಳು ಕೆರಳುವ ಮುನ್ನವೇ ಮದ್ದು ತಲುಪಬೇಕೆಂಬ ತರ್ಕಕ್ಕೆ ಇದು ಹೊಂದುತ್ತದೆ.

2020ರಲ್ಲಿ ಜಗತ್ತಿನಲ್ಲಿ ಅಂದಾಜು 1.34 ಕೋಟಿ ಶಿಶುಗಳು ದಿನ ತುಂಬದೆ ಹುಟ್ಟಿದವು. ಅವುಗಳಲ್ಲಿ ಸುಮಾರು 30 ಲಕ್ಷ ಭಾರತದವು. ಇಲ್ಲಿನ ಬಸುರಿಯ ಪಾಲಿಗೆ ಮದ್ದಿನ ಹೆಸರಿಗಿಂತ ಮೊದಲು ಬರಬೇಕಾದದ್ದು ಐದನೆಯ ತಿಂಗಳ ಸ್ಕ್ಯಾನಿಂಗ್‌ನಲ್ಲಿ ಗರ್ಭಕಂಠದ ಉದ್ದದ ಅಳತೆ. ಆ ಅಳತೆ ತೆಗೆಯದಿದ್ದರೆ, ಯಾರಿಗೆ ಪ್ರೊಜೆಸ್ಟರಾನ್ ಫಲ ನೀಡೀತೆಂಬುದು ವೈದ್ಯರಿಗೂ ತಿಳಿಯದು.