ನುಂಗಬಾರದ ಮಾತ್ರೆ

ಮನೆಯಲ್ಲಿ ಉಮ್ಮನಿಗೋ ಅತ್ತೆಗೋ ಕ್ಯಾನ್ಸರ್ ಬಂದಾಗ ಔಷಧಿಯ ಡಬ್ಬ ಸಾಮಾನ್ಯವಾಗಿ ನಿಮ್ಮ ಕೈಗೇ ಬರುತ್ತದೆ. ಅದರಲ್ಲಿರುವ ಒಂದು ಮಾತ್ರೆಯನ್ನು ನಾಲಿಗೆಯ ಕೆಳಗೆ ಇಡಬೇಕೆಂದು ವೈದ್ಯರು ಹೇಳಿರುತ್ತಾರೆ. ರಾತ್ರಿ ಎರಡು ಗಂಟೆಗೆ ನೋವು ಕೆರಳಿ ರೋಗಿ ನರಳುವಾಗ ಗಡಿಬಿಡಿಯಲ್ಲಿ ಅದನ್ನೂ ನೀರು ಕುಡಿಸಿ ನುಂಗಿಸಿಬಿಡುತ್ತೇವೆ. ಹೇಗಾದರೂ ಹೊಟ್ಟೆಗೆ ಹೋದರೆ ಸಾಕಲ್ಲ ಎಂದು. ಸಾಲದು ಸಹೋದರಿಯರೇ.

ನುಂಗಿದ ಔಷಧಿ ಕರುಳಿನಿಂದ ಮೊದಲು ಹೋಗುವುದು ಲಿವರಿಗೆ. ಬುಪ್ರೆನಾರ್ಫಿನ್, ಫೆಂಟಾನಿಲ್‌ನಂತಹ ನೋವು ನಿವಾರಕಗಳ ಬಹುಪಾಲು ನೋವಿನ ಜಾಗ ಮುಟ್ಟುವ ಮೊದಲೇ ಅಲ್ಲಿ ನಾಶವಾಗುತ್ತದೆ. ಆದರೆ ಬಾಯಿಯ ಒಳಪೊರೆ ತೆಳುವಾದದ್ದು, ಅದರ ಕೆಳಗೆ ರಕ್ತನಾಳಗಳು ತುಂಬಿವೆ. ಅಲ್ಲಿನ ರಕ್ತ ಲಿವರಿಗೆ ಹೋಗದೆ ನೇರವಾಗಿ ಹೃದಯದತ್ತ ಸಾಗುತ್ತದೆ. ವಾಂತಿಯಿಂದ ಏನನ್ನೂ ನುಂಗಲಾಗದ ರೋಗಿಗೆ ಇದೊಂದು ದೊಡ್ಡ ಆಸರೆ.

ಹಾಗೆಂದು ಮನೆಯಲ್ಲಿರುವ ಯಾವುದೋ ಮಾತ್ರೆಯನ್ನು ನಾಲಿಗೆಯ ಕೆಳಗಿಡಬೇಡಿ. ಕೊಬ್ಬಿನಲ್ಲಿ ಚೆನ್ನಾಗಿ ಕರಗುವ ಔಷಧಿಗಳು ಮಾತ್ರ ಈ ಪೊರೆಯನ್ನು ಸುಲಭವಾಗಿ ದಾಟುತ್ತವೆ. ಮಾರ್ಫಿನ್‌ಗೇ ಅದು ಕಷ್ಟ.

1998ರಲ್ಲಿ ಅಮೆರಿಕದಲ್ಲಿ ಕ್ಯಾನ್ಸರ್ ನೋವಿಗಾಗಿ ಕಡ್ಡಿಗೆ ಅಂಟಿಸಿದ ಫೆಂಟಾನಿಲ್‌ಗೆ ಅನುಮತಿ ಸಿಕ್ಕಿತು. ಕೆನ್ನೆ ಮತ್ತು ವಸಡಿನ ನಡುವೆ ಇಟ್ಟು ಸುಮಾರು 15 ನಿಮಿಷ ಚೀಪಬೇಕು. ಕಾಲು ಭಾಗ ಬಾಯಿಯಿಂದಲೇ ಬೇಗನೆ ರಕ್ತ ಸೇರುತ್ತದೆ. ಉಳಿದದ್ದು ಉಗುಳಿನೊಂದಿಗೆ ಹೊಟ್ಟೆಗಿಳಿದು, ಅದರಲ್ಲಿ ಮೂರನೇ ಒಂದು ಭಾಗವಷ್ಟೇ ಉಪಯೋಗಕ್ಕೆ ಬರುತ್ತದೆ. ಜಗಿದರೆ ನಷ್ಟ ಇನ್ನೂ ಹೆಚ್ಚು. ಮಾರ್ಫಿನ್‌ಗಿಂತ ಸುಮಾರು ನೂರು ಪಟ್ಟು ಪ್ರಬಲವಾದ ಔಷಧಿಗೆ ಮಿಠಾಯಿಯ ರೂಪ ಕೊಟ್ಟದ್ದು ನನಗಂತೂ ಅಂಜಿಕೆ ಹುಟ್ಟಿಸುತ್ತದೆ. ಮನೆಯಲ್ಲಿ ಮಕ್ಕಳಿರುತ್ತಾರಲ್ಲ!

ನಮ್ಮ ದೇಶದಲ್ಲಿ ಬುಪ್ರೆನಾರ್ಫಿನ್‌ನ 0.2 ಮಿಲಿಗ್ರಾಂ ಮಾತ್ರೆಯನ್ನು ಹೀಗೆ ನಾಲಿಗೆಯ ಕೆಳಗಿಡಲು ಕೊಡುತ್ತಾರೆ. ರೋಗಿಯ ಬಾಯಿ ಒಣಗಿದ್ದರೆ ಮೊದಲು ಒಂದು ಗುಟುಕು ನೀರು ಕೊಡಿ, ನಂತರ ಮಾತ್ರೆ ಇಡಿ. ಪೂರ್ತಿ ಕರಗುವವರೆಗೆ ಚಹಾ ಬೇಡ, ಮಾತೂ ಬೇಡ. ಬಾಯಿಯಲ್ಲಿ ಹುಣ್ಣಿದ್ದರೆ ವೈದ್ಯರಿಗೆ ಮೊದಲೇ ತಿಳಿಸಿ. ನೋವು ತಗ್ಗಲಿಲ್ಲವೆಂದು ನೀವಾಗಿಯೇ ಇನ್ನೊಂದನ್ನು ಇಡಬೇಡಿ. ಡಬ್ಬಕ್ಕೆ ಬೀಗವಿರಲಿ. ಕರೆದರೂ ಎಚ್ಚರಗೊಳ್ಳದಷ್ಟು ಮಂಪರು ಬಂದು ಉಸಿರು ನಿಧಾನವಾದರೆ, ಬಾಯಲ್ಲಿ ಉಳಿದಿರುವ ಔಷಧಿಯನ್ನು ತೆಗೆದು ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ಬೆಳಗಾಗಲಿ ಎಂದು ಕಾಯಬೇಡಿ.